ಅಂಚಿನ ತುಂಡು

ಆ ಬೇಕರಿಯಲ್ಲಿ ಓವನ್ನಿನಿಂದ ಹೊರಬಂದ ಕೇಕು ನೇರವಾಗಿ ಗಾಜಿನ ಕಪಾಟಿಗೆ ಹೋದದ್ದೇ ಇಲ್ಲ. ಮೊದಲು ಅದರ ಅಂಚಿನ ಒಂದು ತುಂಡು ನಾಲಿಗೆಯಮ್ಮನ ಬಾಯಿಗೆ ಹೋಗಬೇಕು. ಆಕೆ ಕಣ್ಣು ಮುಚ್ಚಿ ಅಗಿದು, ನುಂಗಿ, ಒಂದು ಕ್ಷಣ ಸುಮ್ಮನಿದ್ದು, "ಕಳಿಸು" ಎನ್ನಬೇಕು. ಆಮೇಲೆಯೇ ಟ್ರೇ ಮುಂದಿನ ಕೋಣೆಗೆ. "ಕಳಿಸು" ಎನ್ನದೆ ಮೂಗು ಮುರಿದಳೋ, ಆ ಟ್ರೇ ಪೂರ್ತಿ ಮನೆಯವರ ಪಾಲು. ಬೆಳಗ್ಗೆ ಸಂಜೆ ಚಹಾದಲ್ಲಿ ಅದ್ದಿಕೊಂಡು, ಎದುರಾಡದೆ ತಿಂದು ಮುಗಿಸಬೇಕಿತ್ತು.

ನಾಲಿಗೆಯಮ್ಮ ಎಂಬ ಹೆಸರನ್ನು ಯಾರು ಇಟ್ಟರೋ ಗೊತ್ತಿಲ್ಲ. ರುಚಿ ಹಿಡಿಯುವ ನಾಲಿಗೆಗೆ ಇಟ್ಟದ್ದೆಂದು ಆಕೆ ತಿಳಿದಿದ್ದಳು. ಬೈಸಿಕೊಂಡವರ ಅಭಿಪ್ರಾಯ ಬೇರೆ ಇತ್ತು. ಮುಂದಿನ ಕೋಣೆ ಅಂಗಡಿ, ನಡುವಿನದು ಓವನ್ ಕೋಣೆ, ಹಿಂದಿನದು ಮನೆ. ಅಂಗಡಿಯ ಗಲ್ಲಾದಲ್ಲಿ ಆಕೆಯ ಗಂಡ ಕೂರುತ್ತಿದ್ದರು. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು, ಆದರೆ ಯಜಮಾನಿಕೆ ನಡುವಿನ ಕೋಣೆಯಲ್ಲಿದೆ ಎಂಬುದು ಬ್ರೆಡ್ಡು ಕೊಳ್ಳಲು ಬರುವ ಮಕ್ಕಳಿಗೂ ಗೊತ್ತಿತ್ತು. ಯಜಮಾನರ ಕಿವಿ ಮಂದ. ಮಗ ಹಿಟ್ಟು ಕಲಸಿ ಓವನ್ ನೋಡಿಕೊಳ್ಳುತ್ತಿದ್ದ. ಸೊಸೆಗೆ ಔಷಧದಂಗಡಿಯಲ್ಲಿ ಕೆಲಸ; ಮಧ್ಯಾಹ್ನ ಮನೆಗೆ ಬಂದವಳೇ ಏಪ್ರನ್ ಕಟ್ಟಿಕೊಳ್ಳುವಳು. ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಹಲ್ಲುಜ್ಜುವುದಕ್ಕೂ ವಾದ ಮಾಡುವವಳು. ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದೇ ಹೆಸರು.

ಓವನ್ನಿನ ಪಕ್ಕದ ಗೋಡೆಗೆ ಒಂದು ಮರದ ಹಲಗೆ ತೂಗುಹಾಕಿತ್ತು. ಹಳೆಯ ಗಲ್ಲಾಪೆಟ್ಟಿಗೆಯ ಮುರಿದ ಮುಚ್ಚಳ ಅದು, ಕೈಯ ಜಿಡ್ಡು ಕುಡಿದು ಕುಡಿದು ಕೆಂಪುಗಂದಾಗಿತ್ತು. ಕೇಕಿನ ನೆತ್ತಿ ಈ ಹಲಗೆಯ ಬಣ್ಣಕ್ಕೆ ತಿರುಗುವವರೆಗೆ ಹೊರಗೆ ತೆಗೆಯಬಾರದು ಎಂಬುದು ನಾಲಿಗೆಯಮ್ಮನ ಕಟ್ಟಳೆ. ಗಡಿಯಾರ ನಿಂತುಹೋದರೆ ಆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಲಗೆ ಅತ್ತಿತ್ತ ಆದರೆ ಮಾತ್ರ ಮನೆಯೆಲ್ಲ ಗದ್ದಲವಾಗುತ್ತಿತ್ತು.

ಹೀಗಿರುವಾಗ ಹೊಸ ಚಪ್ಪಲಿ ಉಜ್ಜಿ ಆಕೆಯ ಕಾಲಿನ ಹೆಬ್ಬೆರಳಿಗೆ ಗಾಯವಾಯಿತು. ರಕ್ತದಲ್ಲಿ ಸಕ್ಕರೆ ಇರುವುದು ಹಳೆಯ ಸುದ್ದಿ. ಮಾತ್ರೆ ನುಂಗುತ್ತಿದ್ದಳು, ಉಳಿದದ್ದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಬಟ್ಟೆ ಸುತ್ತಿಕೊಂಡು ಓಡಾಡಿದಳು. ಗಾಯ ಒಣಗಲಿಲ್ಲ. ಅಂಚು ಕಪ್ಪಾಗತೊಡಗಿದಾಗ ಸೊಸೆ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳಾದರೂ ಮಾತಿನಲ್ಲಿ ನಾಲಿಗೆಯಮ್ಮನಿಗೆ ಕಡಿಮೆ ಇರಲಿಲ್ಲ. ಇನ್ಸುಲಿನ್ ಬರೆದಳು, ದಿನಾ ಗಾಯ ತೊಳೆದು ಕಟ್ಟುವುದನ್ನು ಸೊಸೆಗೆ ಹೇಳಿಕೊಟ್ಟಳು. ಬಾಯಿಗೆ ಸಕ್ಕರೆ ತಾಗಕೂಡದು ಎಂದಳು.

"ನಾನು ಬೇಕರಿಯವಳಮ್ಮ. ರುಚಿ ನೋಡೋದೇ ನನ್ನ ಕೆಲಸ," ಎಂದಳು ನಾಲಿಗೆಯಮ್ಮ.

"ಹಾಗಾದ್ರೆ ನಾಲಿಗೆ ಬೇಕೋ ಬೆರಳು ಬೇಕೋ ಯೋಚನೆ ಮಾಡಿ. ಎರಡೂ ಉಳಿಸಿಕೊಡೋಕೆ ನನ್ನ ಕೈಲಾಗಲ್ಲ."

ಆ ರಾತ್ರಿ ಊಟಕ್ಕೆ ಕುಳಿತಾಗ ಬೇಯಿಸಿದ ತರಕಾರಿಯನ್ನು ಎಲ್ಲರ ತಟ್ಟೆಗೂ ಬಡಿಸುತ್ತ ಆಕೆ ಘೋಷಿಸಿದಳು: ಇನ್ನು ಚಹಾಕ್ಕೆ ಸಕ್ಕರೆ ಇಲ್ಲ, ಬಿಸ್ಕತ್ತು ಮುಟ್ಟುವುದಿಲ್ಲ, ಹಣ್ಣಿನ ರಸದ ಕಡೆ ತಿರುಗಿಯೂ ನೋಡುವುದಿಲ್ಲ. ಅಂಚಿನ ತುಂಡಿನ ಮಾತನ್ನು ಮಗ ಎತ್ತಿದ. ಆಕೆಗೆ ಆಶ್ಚರ್ಯವೇ ಆಯಿತು. "ಅದು ರುಚಿ ನೋಡೋದು ಕಣೋ. ತಿನ್ನೋದಲ್ಲ."

ಲಾಯರಮ್ಮ ಅಂದು ಬಾಯಿ ಬಿಡಲಿಲ್ಲ. ಅವಳು ಬಾಯಿ ಬಿಡದಿದ್ದರೆ ಏನೋ ಹೂಡಿದ್ದಾಳೆಂದೇ ಅರ್ಥ. ಮುಂದಿನ ರಜಾದಿನ ಬೆಳಗಿನಿಂದ ಅಜ್ಜಿಯ ಬೆನ್ನ ಹಿಂದೆಯೇ ನಿಂತಳು. ಅಜ್ಜಿ ಅಂಚು ಮುರಿದು ಬಾಯಿಗೆ ಹಾಕಿಕೊಂಡಾಗಲೆಲ್ಲ ಅಷ್ಟೇ ದೊಡ್ಡ ಇನ್ನೊಂದು ತುಂಡನ್ನು ಮುರಿದು ಗಾಜಿನ ಬಟ್ಟಲಿಗೆ ಹಾಕಿದಳು. ಬನ್ನಿನ ತುಂಡು, ಕೇಕಿನ ತುಂಡು, ಬೆರಳಲ್ಲಿ ಅದ್ದಿ ನೋಡಿದ ಕ್ರೀಮಿಗೆ ಒಂದು ಚಮಚ ಕ್ರೀಮು. ರಾತ್ರಿ ಊಟದ ಮೇಜಿನ ನಡುವೆ ಆ ಬಟ್ಟಲನ್ನು ತಂದಿಟ್ಟಳು. ಗೋಪುರದ ಹಾಗೆ ತುಂಬಿ, ಸುತ್ತ ಚೆಲ್ಲುತ್ತಿತ್ತು.

"ಯಾರಿಗೇ ಇಷ್ಟೊಂದು?" ಎಂದಳು ನಾಲಿಗೆಯಮ್ಮ.

"ಯಾರಿಗೂ ಅಲ್ಲ ಅಜ್ಜಿ. ನೀನು ಇವತ್ತು ತಿನ್ನದೇ ಇದ್ದದ್ದು."

ಮೇಜಿನ ಸುತ್ತ ಒಬ್ಬರೂ ನಗಲಿಲ್ಲ. ಏನೂ ಕೇಳಿಸದ ಯಜಮಾನರು ಮಾತ್ರ ಸಂತೋಷದಿಂದ ಬಟ್ಟಲಿಗೆ ಕೈ ಹಾಕಿದರು. ನಾಲಿಗೆಯಮ್ಮ ಆ ಬಟ್ಟಲನ್ನು ಬಹಳ ಹೊತ್ತು ನೋಡಿದಳು. ಇಷ್ಟನ್ನು ತಾನು ದಿನಾ ತಿನ್ನುತ್ತಿದ್ದೆನೇ ಎಂದು ಆಕೆಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಕೋಪ ಬಂತು. ಕೋಪ ತರಕಾರಿಯ ಮೇಲೆ ಹೋಯಿತು. ಉಪ್ಪಿಲ್ಲ, ಬೆಂದಿಲ್ಲ, ಇದನ್ನು ದನವೂ ತಿನ್ನುವುದಿಲ್ಲ ಎಂದಳು. ಬೇಯಿಸಿದ್ದು ತಾನೇ ಎಂಬುದು ಮರೆತುಹೋಗಿತ್ತು.

ಮಗ ಒಂದು ಉಪಾಯ ಹೇಳಿದ. ಅಗಿದು ರುಚಿ ನೋಡಲಿ, ನುಂಗದೆ ಉಗುಳಲಿ. ದ್ರಾಕ್ಷಾರಸ ಪರೀಕ್ಷೆ ಮಾಡುವವರು ಮಾಡುವುದು ಹಾಗೆಯೇ ಅಂತೆ. ಆಕೆ ಊಟ ಬಿಟ್ಟು ಎದ್ದಳು. ಹುಡುಗಿಯಾಗಿದ್ದಾಗ ಆಕೆ ಇನ್ನೊಬ್ಬರ ಬೇಕರಿಯಲ್ಲಿ ನೆಲ ಗುಡಿಸುತ್ತಿದ್ದವಳು. ಗುಡಿಸುವ ಮುಂಚೆ ನೆಲಕ್ಕೆ ಬಿದ್ದ ಚೂರುಗಳನ್ನು ಆರಿಸಿ ತಮ್ಮಂದಿರಿಗೆ ಒಯ್ಯುತ್ತಿದ್ದವಳು. "ಬಾಯಿಗೆ ಹೋದ ಅನ್ನ ಉಗುಳೋದಾ? ಬೆರಳಲ್ಲ, ಕಾಲೇ ಹೋಗಲಿ," ಎಂದು ಒಳಗೆ ಹೋಗಿ ಮಲಗಿದಳು.

ಸೊಸೆ ಅತ್ತೆಯ ಜೊತೆ ವಾದಕ್ಕಿಳಿಯುವವಳಲ್ಲ. ಔಷಧದಂಗಡಿಯ ಕಪಾಟಿನಿಂದ ಸಿಹಿಪುಡಿಯ ಎರಡು ಪೊಟ್ಟಣ ತಂದಳು. ಒಂದು ಸ್ಟೀವಿಯಾ, ಎಲೆಯಿಂದ ತೆಗೆದದ್ದು. ಉಗುರಿನ ತುದಿಯಷ್ಟಿದ್ದರೆ ಬಟ್ಟಲು ಸಕ್ಕರೆಯ ಸಿಹಿ. ಇನ್ನೊಂದು ಎರಿಥ್ರಿಟಾಲ್ ಎಂಬ ಹರಳು, ನೋಡಲು ಸಕ್ಕರೆಯೇ. ಎರಡರಿಂದಲೂ ರಕ್ತದ ಸಕ್ಕರೆ ಏರುವುದಿಲ್ಲ. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಗಂಡ ಹೆಂಡತಿ ಸೇರಿ ಸಕ್ಕರೆ ಬಿಟ್ಟು ಸ್ಟೀವಿಯಾ ಹಾಕಿ ಒಂದು ತಟ್ಟೆ ಕೇಕು ಇಟ್ಟರು. ಹಲಗೆ ನೋಡಿದರು, ಕೇಕು ನೋಡಿದರು. ಕೇಕು ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗೇ ಇತ್ತು. ಇನ್ನೂ ಬಣ್ಣ ಬಂದಿಲ್ಲ ಎಂದು ಬಿಟ್ಟರು. ಮತ್ತೂ ಬಿಟ್ಟರು. ಕೊನೆಗೂ ಹಲಗೆಯ ಬಣ್ಣ ಬರಲಿಲ್ಲ, ಅಂಚಿಗೆ ಸುಟ್ಟ ವಾಸನೆ ಬಂತು. ತೆಗೆದು ನೋಡಿದರೆ ಇಟ್ಟಿಗೆ. ಮಗ ಅದನ್ನು ಹಿಂದಿನ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಟ್ಟ. ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು.

ಸೊಸೆ ಆಮೇಲೆ ಮಾಡಿದ್ದು ತಪ್ಪು. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು, ಆದರೆ ತಪ್ಪು ತಪ್ಪೇ. ಸಕ್ಕರೆಯ ಕೇಕು ಬೇಯುವಾಗ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿಯಲ್ಲಿ ಸಿಹಿಪುಡಿಯ ಕೇಕು ಬೇಯಿಸಿ, ಕಾಫಿ ಬೆರೆಸಿ ಬಣ್ಣ ಬರಿಸಿ, ಅದರ ಚೂರನ್ನು ದೊಡ್ಡ ಟ್ರೇಯ ಅಂಚು ಎಂದು ಅತ್ತೆಯ ಕೈಗಿಟ್ಟಳು. ಮಗನಿಗೂ ಮೊಮ್ಮಗಳಿಗೂ ಗೊತ್ತಿತ್ತು. ನಾಲಿಗೆಯಮ್ಮ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣು ತೆರೆಯಲಿಲ್ಲ.

"ಇದು ಯಾವ ಟ್ರೇದು?"

"ಅದೇ ಅತ್ತೆ, ಈಗ ತೆಗೆದದ್ದು."

"ಸಿಹಿ ತಡವಾಗಿ ಬಂತು. ಬಂದದ್ದು ಎದ್ದು ಹೋಗ್ತಾ ಇಲ್ಲ, ಹೊತ್ತು ಗೊತ್ತಿಲ್ಲದ ನೆಂಟನ ಹಾಗೆ. ಹಿಂದೆ ಕಹಿ." ಆಕೆ ಕಣ್ಣು ತೆರೆದು ಲಾಯರಮ್ಮನನ್ನು ನೋಡಿದಳು. ಹುಡುಗಿ ತಲೆ ತಗ್ಗಿಸಿದಳು. "ದೊಡ್ಡ ಟ್ರೇ ಎಲ್ಲಿ?"

ದೊಡ್ಡ ಟ್ರೇ ಆಗಲೇ ಗಾಜಿನ ಕಪಾಟಿನಲ್ಲಿತ್ತು. ಅರ್ಧ ಮಾರಾಟವೂ ಆಗಿತ್ತು.

ಆಕೆ ಕೂಗಾಡಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಕೂಗಾಡಲಿಲ್ಲ. "ನನ್ನ ಬಾಯಿಗೆ ಸುಳ್ಳು ತುಂಡು ಇಟ್ಟು, ಜನಕ್ಕೆ ನಾನು ನೋಡದ ಮಾಲು ಕೊಟ್ರಿ. ನನ್ನ ಕೆಲಸ ಇಷ್ಟೇನಾ ಇಲ್ಲಿ? ಮಗೂಗೆ ಗಿಲಕಿ ಕೊಟ್ಟು ಕೂರಿಸಿದ ಹಾಗೆ?" ಎಂದು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹಿಂದಿನ ಕೋಣೆಗೆ ನಡೆದಳು. ನಡೆಯುವಾಗ ಕಾಲು ಕುಂಟುತ್ತಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು.

ಮರುದಿನವೂ ಬರಲಿಲ್ಲ, ಅದರ ಮರುದಿನವೂ. ಕಿಟಕಿಯ ಬಳಿ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಹರಿದ ದಿಂಬಿನ ಚೀಲಗಳನ್ನು ಹೊಲಿದಳು. ಸೊಸೆ ಗಾಯ ಕಟ್ಟಲು ಬಂದರೆ ಕಾಲು ಕೊಟ್ಟಳು, ಮುಖ ಕೊಡಲಿಲ್ಲ. ಓವನ್ ಕೋಣೆಯಲ್ಲಿ ಮಗ ತಾನೇ ತುಂಡು ಮುರಿದು ಬಾಯಿಗೆ ಹಾಕಿಕೊಂಡು ತಾನೇ "ಕಳಿಸು" ಎಂದುಕೊಂಡ. ಅವನಿಗೆ ಆಗ ನೆಗಡಿ. ಸೋಡಾಪುಡಿಯನ್ನು ತಾನೊಮ್ಮೆ, ಹೆಂಡತಿಯೊಮ್ಮೆ ಹಾಕಿದ್ದು ಅವನ ನಾಲಿಗೆಗೆ ತಿಳಿಯಲೇ ಇಲ್ಲ. ಎದುರು ಬೀದಿಯ ದರ್ಜಿ ಕೇಕಿನ ಪೆಟ್ಟಿಗೆ ವಾಪಸು ತಂದು ಗಲ್ಲಾದ ಮುಂದೆ ಇಟ್ಟ.

"ಸಾಬೂನು ತಿಂದ ಹಾಗಿದೆ ಯಜಮಾನ್ರೇ."

"ಸಾವಕಾಶ ತಿನ್ನಿ, ಅವಸರ ಏನಿಲ್ಲ," ಎಂದರು ಯಜಮಾನರು.

ದರ್ಜಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದ. ಹಿಂದಿನ ಕೋಣೆಯಲ್ಲಿದ್ದ ನಾಲಿಗೆಯಮ್ಮನಿಗೆ ಎಲ್ಲ ಕೇಳಿಸಿತು. ಒಳ್ಳೆಯದೇ ಆಯಿತು ಎಂದು ಒಂದು ಗಳಿಗೆ ಹಿಗ್ಗಿದಳು. ಅದರ ಬೆನ್ನಿಗೇ ಹೊಲಿಯುತ್ತಿದ್ದ ಸೂಜಿ ನಿಂತಿತು. ಆ ಅಂಗಡಿಯಿಂದ ಕೇಕು ವಾಪಸು ಬಂದದ್ದು ಅದೇ ಮೊದಲು.

ಆ ಸಂಜೆ ಸೊಸೆ ಬಂದು ಸ್ಟೂಲಿನ ಪಕ್ಕ ನೆಲದ ಮೇಲೆ ಕುಳಿತಳು. ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಬೆಳ್ಳಗಿನ ಚಪ್ಪಟೆ ಕೇಕು.

"ಅತ್ತೆ, ಮೋಸ ಮಾಡಿದ್ದು ನಾನು. ತಪ್ಪಾಯ್ತು. ಬೈಯಿರಿ."

"ಬೈಯೋಕೆ ಪುರುಸೊತ್ತಿಲ್ಲ, ದಿಂಬು ಇದೆ."

"ಇದು ಸಕ್ಕರೆ ಇಲ್ಲದ್ದು. ಕದ್ದು ಮಾಡಿದ್ದಲ್ಲ. ನಿಮಗೆ ಪಥ್ಯ ಅಂತ ತಂದಿಲ್ಲ. ಅಂಗಡೀಲಿ ಇಡೋ ಮಾಲು ಅಂತ ನೋಡಿ. ನಮ್ಮ ಔಷಧದಂಗಡಿಗೆ ದಿನಾ ಬಂದು ಇನ್ಸುಲಿನ್ ಒಯ್ಯೋರಿದ್ದಾರೆ, ಮಕ್ಕಳ ಹುಟ್ಟುಹಬ್ಬಕ್ಕೆ ಅವರು ಗೋಡೆಗೆ ಒರಗಿ ನಿಂತಿರ್ತಾರೆ. ಅವರಿಗೆ ಮಾರಬೇಕು. ನನ್ನ ಕೈಲಿ ಆಗ್ತಿಲ್ಲ. ಏನು ಕಮ್ಮಿ ಹೇಳಿ."

ನಾಲಿಗೆಯಮ್ಮ ಸೂಜಿ ಚುಚ್ಚಿಟ್ಟು ತುಂಡನ್ನು ಮುರಿದಳು. ಬೆರಳಲ್ಲಿ ಒತ್ತಿದಳು. ಮೂಸಿದಳು. ಒಂದಿಷ್ಟು ಬಾಯಿಗೆ ಹಾಕಿಕೊಂಡಳು. "ಇದನ್ನ ಕೇಕು ಅಂದೋರು ಯಾರು? ಒಳಗೆ ಗಾಳಿ ಇಲ್ಲ. ನೀರಿಲ್ಲ. ಬಣ್ಣ ಇಲ್ಲ. ಬಾಯಲ್ಲಿ ನಿಲ್ಲೋ ಮೈಯೇ ಇಲ್ಲ ಇದಕ್ಕೆ. ಸಿಹಿ ಒಂದು ಬಿಟ್ಟು ಎಲ್ಲಾ ಕಮ್ಮಿ." ಹೇಳುತ್ತ ಹೇಳುತ್ತ ಆಕೆ ಎದ್ದು ನಿಂತಿದ್ದಳು. "ನನ್ನ ಏಪ್ರನ್ ಎಲ್ಲಿ?"

ಸಕ್ಕರೆ ಎಂದರೆ ಸಿಹಿ ಎಂದಷ್ಟೇ ಆಕೆ ಜೀವಮಾನವೆಲ್ಲ ತಿಳಿದಿದ್ದಳು. ಈಗ ಅದನ್ನು ತೆಗೆದುಹಾಕಿ ನೋಡಿದ ಮೇಲೆ ಅದು ಮಾಡುತ್ತಿದ್ದ ಉಳಿದ ಕೆಲಸ ಒಂದೊಂದಾಗಿ ಗೊತ್ತಾಯಿತು. ಬೆಣ್ಣೆಯನ್ನು ಕೊರೆದು ಗಾಳಿ ತುಂಬುತ್ತಿದ್ದುದು ಸಕ್ಕರೆಯ ಹರಳು. ನೀರು ಹಿಡಿದಿಟ್ಟು ಕೇಕನ್ನು ಮರುದಿನವೂ ಮೆತ್ತಗಿಡುತ್ತಿದ್ದುದು ಸಕ್ಕರೆ. ನೆತ್ತಿ ಕೆಂಪಾಗಿಸುತ್ತಿದ್ದುದೂ ಅದೇ. ಹೆಸರು ಮಾತ್ರ ಸಿಹಿಯೊಂದಕ್ಕೆ.

"ಮನೆಯ ಹೆಂಗಸಿನ ಹಾಗೆ ಕಣೇ ಈ ಸಕ್ಕರೆ. ಎದ್ದು ಹೋದ ಮೇಲೇ ಏನೇನು ಮಾಡ್ತಿದ್ಲು ಅಂತ ಗೊತ್ತಾಗೋದು," ಎಂದಳು.

ಮಗ ದರ್ಜಿಯ ಪೆಟ್ಟಿಗೆಯನ್ನು ನೆನೆದು ತಟ್ಟೆ ತೊಳೆಯಲು ಹೋದ.

ಕೆಲಸ ಶುರುವಾಯಿತು, ಜಗಳವೂ. ನಾಲಿಗೆಯಮ್ಮ ಎಲ್ಲವನ್ನೂ ಡಬ್ಬದಲ್ಲಿ, ಚಿಟಿಕೆಯಲ್ಲಿ ಅಳೆಯುವವಳು. ಸೊಸೆ ಔಷಧದಂಗಡಿಯವಳು, ಪುಟ್ಟ ತಕ್ಕಡಿಯಿಲ್ಲದೆ ಪೊಟ್ಟಣ ಬಿಚ್ಚುವವಳಲ್ಲ. ತನ್ನ ಚಿಟಿಕೆಯನ್ನು ಯಾವ ತಕ್ಕಡಿಯೂ ತಪ್ಪು ಎಂದಿಲ್ಲ ಎಂದು ಅತ್ತೆ ಒಂದು ಚಿಟಿಕೆ ಸ್ಟೀವಿಯಾ ಎಸೆದಳು. ಆ ಹಿಟ್ಟಿನ ಕೇಕನ್ನು ಬಾಯಿಗಿಟ್ಟ ಲಾಯರಮ್ಮ ಸಂಜೆಯವರೆಗೆ ನೀರು ಕುಡಿಯುತ್ತಿದ್ದಳು. ಅಂದಿನಿಂದ ತಕ್ಕಡಿಗೆ ಓವನ್ ಕೋಣೆಯಲ್ಲಿ ಜಾಗ ಸಿಕ್ಕಿತು. ಅದನ್ನು "ನಿನ್ನ ಆಟದ ಸಾಮಾನು" ಎಂದೇ ಆಕೆ ಕರೆದಳು, ಆದರೆ ಸೊಸೆ ಇಲ್ಲದಾಗ ತಾನೇ ಒರೆಸಿಡುತ್ತಿದ್ದಳು.

ಎಲ್ಲ ಸರಿ, ಗಾಯ ಮಾತ್ರ ಒಣಗಲಿಲ್ಲ. ಏಕೆಂದರೆ ಸಕ್ಕರೆಯ ಟ್ರೇಗಳು ಮೊದಲಿನಂತೆಯೇ ಬರುತ್ತಿದ್ದವು, ಅವುಗಳ ಅಂಚೂ ಮೊದಲಿನಂತೆಯೇ ಬಾಯಿಗೆ ಹೋಗುತ್ತಿತ್ತು. ತುಂಡು ಚಿಕ್ಕದು ಮಾಡಿದ್ದೇನೆ ಎಂದು ಆಕೆ ಹೇಳುತ್ತಿದ್ದಳು. ಚಿಕ್ಕದಾಗಿತ್ತು, ನಿಜ. ಆದರೆ ಒಂದಕ್ಕೆ ಎರಡು ಸಲ ನೋಡುತ್ತಿದ್ದಳು.

ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಗಾಯದ ಕಟ್ಟು ಬಿಚ್ಚಿ ನೋಡಿದಳು. ಕೈ ತೊಳೆದು ಬಂದು ಡಾಕ್ಟರಮ್ಮ ಹೇಳಿದಳು: "ಮುಂದಿನ ಸಲ ಬರೋವಾಗ ಬಟ್ಟೆ ಬರೆ ತಗೊಂಡು ಬನ್ನಿ. ಹೀಗೇ ಇದ್ರೆ ಅಡ್ಮಿಟ್ ಮಾಡ್ಕೊಂಡು ಬೆರಳು ತೆಗೆದುಬಿಡ್ತೀನಿ. ಬಿಟ್ರೆ ಪಾದಕ್ಕೆ ಹತ್ತುತ್ತೆ."

ಆಕೆ ಮನೆಗೆ ಬಂದವಳೇ ಏಪ್ರನ್ ಕಟ್ಟಿಕೊಂಡಳು. ಮಗ ಆಗಷ್ಟೇ ಟ್ರೇ ತೆಗೆದಿದ್ದ. ಆಕೆ ಅಂಚು ಮುರಿದು ಕೈಯಲ್ಲಿ ಹಿಡಿದುಕೊಂಡು ನಿಂತಳು. ಹೆಬ್ಬೆರಳಿಲ್ಲದ ಕಾಲಿನಲ್ಲಿ ಓವನ್ನಿನ ಮುಂದೆ ಬೆಳಗಿನಿಂದ ಸಂಜೆವರೆಗೆ ನಿಲ್ಲುವುದು ಹೇಗೆ ಎಂದು ಯೋಚಿಸಿದಳು. ಕುರ್ಚಿ ಹಾಕಿ ಕೂರಿಸುತ್ತಾರೆ. ಆಮೇಲೆ ಕುರ್ಚಿಯನ್ನು ಹಿಂದಿನ ಕೋಣೆಗೆ ಒಯ್ಯುತ್ತಾರೆ. ದಿಂಬು ಹೊಲಿಯುತ್ತ ಕೂರಬೇಕು.

"ಲಾಯರಮ್ಮ, ಆ ನಿನ್ನ ಗಾಜಿನ ಬಟ್ಟಲು ತಾ."

ಹುಡುಗಿ ತಂದು ಹಿಡಿದಳು. ನಾಲಿಗೆಯಮ್ಮ ತುಂಡನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದಳು. ಎಷ್ಟೋ ಹೊತ್ತು ಅಗಿದಳು. ಕೊನೆಗೆ ಬಗ್ಗಿ ಬಟ್ಟಲಿಗೆ ಉಗುಳಿ, ಬಾಯಿ ಮುಕ್ಕಳಿಸಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಏಪ್ರನ್ನಿನ ತುದಿಯಿಂದ ಒರೆಸಿಕೊಂಡಳು.

"ಉಪ್ಪು ಒಂದು ಹರಳು ಜಾಸ್ತಿ. ಪರವಾಗಿಲ್ಲ. ಕಳಿಸು."

ಮಗ ಟ್ರೇ ಎತ್ತಿಕೊಂಡು ಬೇಗ ಬೇಗ ಮುಂದಿನ ಕೋಣೆಗೆ ಹೋದ. ಅಲ್ಲಿ ಅವನು ಕಣ್ಣೊರೆಸಿಕೊಳ್ಳುವುದನ್ನು ಕಂಡ ಯಜಮಾನರು ನೆಗಡಿ ಇನ್ನೂ ಬಿಟ್ಟಿಲ್ಲವೇ ಎಂದು ವಿಚಾರಿಸಿದರು.

ಅಂದಿನಿಂದ ಪ್ರತಿ ಅಂಚಿನ ಜೊತೆ ಬಟ್ಟಲೂ ಬಂತು. ಸಕ್ಕರೆಯದಿರಲಿ, ಸಕ್ಕರೆಯಿಲ್ಲದ್ದಿರಲಿ, ಆಕೆ ನುಂಗುವುದನ್ನೇ ಬಿಟ್ಟಳು. ಪೂರಾ ಸರಿಹೋಗದ ಕೇಕನ್ನು ನುಂಗುವುದಿಲ್ಲ ಎಂದು ಹಟ ಹಿಡಿದಳು. ಬೆಳಗ್ಗೆ ರಕ್ತ ನೋಡಲು ಕೈಬೆರಳು ಚುಚ್ಚಿಸಿಕೊಂಡು, ಇನ್ಸುಲಿನ್ ಹಾಕಿಸಿಕೊಂಡು, ಮೊಟ್ಟೆ ಸೊಪ್ಪು ತಿಂದು ಓವನ್ ಕೋಣೆಗೆ ಬಂದರೆ ಸೋಲುವುದಕ್ಕೆ ಸಿದ್ಧವಾಗಿಯೇ ಬರುತ್ತಿದ್ದಳು. ದಿನಾ ಸೋಲುತ್ತಿದ್ದಳು, ಆದರೆ ನಿನ್ನೆಯ ಹಾಗೆ ಅಲ್ಲ.

ಎರಿಥ್ರಿಟಾಲ್ ಹಾಕಿದರೆ ಕೇಕಿಗೆ ಮೈ ಬಂತು. ಆದರೆ ಬಾಯಲ್ಲಿ ತಣ್ಣಗೆ ಕೊರೆಯಿತು, ಮರುದಿನ ಹಲ್ಲಿಗೆ ಮರಳು ಸಿಕ್ಕಿದಂತಾಯಿತು. ಅದನ್ನು ನುಣ್ಣಗೆ ಪುಡಿ ಮಾಡಿ, ಪಾಲು ಕಡಿಮೆ ಮಾಡಿ, ಸ್ಟೀವಿಯಾವನ್ನು ತಕ್ಕಡಿಯಲ್ಲಿ ತೂಗಿ ಸೇರಿಸಿದರು. ಒಂದು ಇನ್ನೊಂದರ ಕಹಿಯನ್ನು ಮುಚ್ಚಿತು, ಇನ್ನೊಂದು ಇದರ ತಂಪನ್ನು. ಉಳಿದ ಕಹಿಯ ಬಾಲಕ್ಕೆ ಚೂರು ಉಪ್ಪು ಹಾಕಿದರೆ ಸಾಕೆಂದು ಅತ್ತೆಯ ನಾಲಿಗೆ ಹೇಳಿತು. ನೀರು ಹಿಡಿಯಲು ಗಡ್ಡೆಯಿಂದ ತೆಗೆದ ನಾರಿನ ಪುಡಿ ಇದೆ ಎಂದು ಸೊಸೆ ಹೇಳಿದಳು, ಮೊಸರೂ ಬಿತ್ತು. ಬೆಣ್ಣೆ ಹಿಡಿಯದ ಗಾಳಿಯನ್ನು ಮೊಟ್ಟೆಯ ಬಿಳಿ ಹಿಡಿಯಲಿ ಎಂದು ಬಿಳಿಯನ್ನು ಬೇರೆಯಾಗಿ ನೊರೆ ಬರುವವರೆಗೆ ಕಡೆದರು. ಮಗನ ತೋಳು ಬಿದ್ದುಹೋಯಿತು. ಮೈದಾ ಅರ್ಧ ಮಾಡಿ ಬಾದಾಮಿ ಹಿಟ್ಟು ಬೆರೆಸಿದರು. ಖರ್ಚು ನೋಡಿ ಮಗ ಹುಬ್ಬು ಗಂಟಿಕ್ಕಿದ. ನಿನ್ನ ನೆಗಡಿಯಿಂದ ಹಾಳಾದ ಟ್ರೇಗಿಂತ ಕಡಿಮೆಯೇ ಎಂದು ತಾಯಿ ಅವನ ಬಾಯಿ ಮುಚ್ಚಿಸಿದಳು.

ಇಷ್ಟಾದರೂ ಕೇಕು ಒಣಗಿಯೇ ಬರುತ್ತಿತ್ತು. ಒಳಗೆ ಹೋಗುವಾಗ ಹಿಟ್ಟು ಸೊಗಸು, ಹೊರಗೆ ಬಂದರೆ ರಟ್ಟು.

"ಬೇಗ ತೆಗೆದು ನೋಡೋಣ ಅತ್ತೆ," ಎಂದಳು ಸೊಸೆ.

"ಬಣ್ಣ ಬರದೆ ಹೇಗೆ ತೆಗೀತೀ? ಹಲಗೆ ನೋಡು."

"ಹಲಗೆ ಸಕ್ಕರೆಯ ಕೇಕಿಗೆ ಅತ್ತೆ. ಇದು ಇನ್ನು ನೂರು ವರ್ಷ ಬೆಂದರೂ ಆ ಬಣ್ಣಕ್ಕೆ ಬರಲ್ಲ. ಬಾಗಿಲಿಗೆ ಅಡ್ಡ ಇಟ್ಟಿದ್ದೀವಲ್ಲ, ಅದಕ್ಕೂ ನಾವು ಹಲಗೆಯನ್ನೇ ನೋಡಿದ್ದು."

ನಾಲಿಗೆಯಮ್ಮ ಹಲಗೆಯ ಮುಂದೆ ನಿಂತಳು. ಆಕೆ ಮೊದಲು ಕೊಂಡ ಗಲ್ಲಾಪೆಟ್ಟಿಗೆಯ ಮುಚ್ಚಳ ಅದು. ಅದನ್ನು ನಂಬಿ ಒಂದು ಮನೆ ಕಟ್ಟಿದ್ದಳು. ಅದು ಸುಳ್ಳು ಹೇಳುತ್ತಿದೆ ಎಂದು ಒಪ್ಪಿಕೊಳ್ಳುವುದು, ಉಗುಳುವುದಕ್ಕಿಂತ ಕಷ್ಟವಾಯಿತು. ಹಲಗೆಗೆ ಮುಂಚೆ ಏನಿತ್ತು ಎಂದು ನೆನಪು ಮಾಡಿಕೊಂಡಳು. ನೆಲ ಗುಡಿಸುತ್ತಿದ್ದ ಬೇಕರಿಯಲ್ಲಿ ಸೌದೆಯ ಒಲೆ, ಒಳಗೆ ಕಗ್ಗತ್ತಲು. ಬಣ್ಣ ಯಾರಿಗೂ ಕಾಣುತ್ತಿರಲಿಲ್ಲ. ಅಲ್ಲಿನ ಮುದುಕಿ ತಟ್ಟೆಯನ್ನು ಹೊರಗೆಳೆದು ಕಿವಿ ಹತ್ತಿರ ಹಿಡಿಯುತ್ತಿದ್ದಳು. ಹಸಿ ಇದ್ದರೆ ಕೇಕು ಚುಳುಚುಳು ಸದ್ದು ಮಾಡುತ್ತದೆ. ಬೆಂದಾಗ ಸದ್ದು ಸಣ್ಣಗಾಗುತ್ತದೆ. ಪೂರ್ತಿ ನಿಂತಿತೋ, ಒಣಗಿತು ಎಂದೇ ಲೆಕ್ಕ.

ಆಕೆ ಹಲಗೆಯನ್ನು ಮೊಳೆಯಿಂದ ಕಳಚಿದಳು. ಸೆರಗಿನಿಂದ ಒರೆಸಿ ಮಗನ ಕೈಗೆ ಕೊಟ್ಟಳು. "ಸಕ್ಕರೆ ಟ್ರೇಗೆ ನೀನು ಇಟ್ಕೋ. ಇದಕ್ಕೆ ಬೇಡ."

ಆಮೇಲಿನ ಕೆಲಸ ಕಿವಿಯದಾಯಿತು. ಓವನ್ ಕೋಣೆಯಲ್ಲಿ ಯಾರೂ ಮಾತಾಡಬಾರದೆಂದು ಅಪ್ಪಣೆಯಾಯಿತು. ಅತ್ತೆ ಸೊಸೆ ಇಬ್ಬರೂ ಬಿಸಿ ತಟ್ಟೆಯ ಎರಡು ಕಡೆ ತಲೆ ಬಾಗಿಸಿ ನಿಲ್ಲುತ್ತಿದ್ದರು. ನೋಡಿದವರು ಅದರೊಡನೆ ಗುಟ್ಟು ಮಾತಾಡುತ್ತಿದ್ದಾರೆ ಎನ್ನಬೇಕು. ಯಜಮಾನರೂ ಒಮ್ಮೆ ಬಂದು ಕಿವಿ ಕೊಟ್ಟು, ಏನೂ ಕೇಳಿಸುತ್ತಿಲ್ಲ, ಬೆಂದಿದೆ ಎಂದರು. ಹಸಿ ಹಿಟ್ಟಿನ ಬಗ್ಗೆಯೂ ಅವರು ಹಾಗೆಯೇ ಹೇಳುತ್ತಿದ್ದರು. ನಾಲಿಗೆಯಮ್ಮನ ವಯಸ್ಸಾದ ಕಿವಿಗೂ ಸಣ್ಣ ಸದ್ದು ಹಿಡಿಯುವುದು ಕಷ್ಟವಾಗಿತ್ತು. ಒಂದು ಮಧ್ಯಾಹ್ನ ಸೊಸೆ ಮೆಲ್ಲಗೆ, "ಈಗ ಅತ್ತೆ," ಎಂದಳು. ನಾಲಿಗೆಯಮ್ಮನಿಗೆ ಏನೂ ಕೇಳಿಸಿರಲಿಲ್ಲ. ಆದರೂ ಸೊಸೆಯ ಮುಖ ನೋಡಿ, "ಹೂಂ, ತೆಗಿ," ಎಂದಳು.

ಕೇಕು ತಿಳಿಹಳದಿ ಬಣ್ಣಕ್ಕಿತ್ತು. ಒತ್ತಿದ ಬೆರಳನ್ನು ಮೇಲಕ್ಕೆ ತಳ್ಳಿತು. ಆಕೆ ಅಂಚು ಮುರಿದಾಗ ಚೂರು ಉದುರಲಿಲ್ಲ. ಅಗಿದಳು, ಬಟ್ಟಲಿಗೆ ಉಗುಳಿದಳು, ಬಾಯಿ ಮುಕ್ಕಳಿಸಿದಳು. ಎಲ್ಲರೂ ಕಾದರು.

"ಕಳಿಸು," ಎಂದಳು.

ಮೇಲಿನ ಕಪಾಟಿನಲ್ಲಿ ಒಂದು ಟ್ರೇಗೆ ಜಾಗ ಮಾಡಿದರು. ಸಕ್ಕರೆ ಹಾಕದ ಕೇಕು ಎಂದು ಲಾಯರಮ್ಮ ಚೀಟಿ ಬರೆದು ಅಂಟಿಸಿದಳು. ಮೊದಲು ಕೊಂಡವನು ದರ್ಜಿ. ಅವನ ಹೆಂಡತಿ ಇನ್ಸುಲಿನ್ ಒಯ್ಯುವವರಲ್ಲಿ ಒಬ್ಬಳು. ಮರುದಿನ ಬಂದು ಇನ್ನೊಂದು ಬೇಕೆಂದ. ಸಾವಕಾಶ ತಿನ್ನಿ ಎಂದರು ಯಜಮಾನರು, ಈ ಸಲ ಸರಿಯಾಗಿಯೇ ಕೇಳಿಸಿಕೊಂಡು.

ಆಸ್ಪತ್ರೆಯ ದಿನ ಬಂತು. ಡಾಕ್ಟರಮ್ಮ ಹೇಳಿದಂತೆಯೇ ನಾಲಿಗೆಯಮ್ಮ ಚೀಲದಲ್ಲಿ ಎರಡು ಜೊತೆ ಬಟ್ಟೆ, ಬಾಚಣಿಗೆ, ಟವಲು ತುಂಬಿಕೊಂಡಳು. ಸೊಸೆ ಔಷಧದಂಗಡಿಗೆ ರಜೆ ಹಾಕಿ ಜೊತೆಗೆ ಹೊರಟಳು. ಮಗ ಓವನ್ ಹಚ್ಚಿದ, ಆದರೆ ಏನನ್ನೂ ಒಳಗೆ ಇಡಲಿಲ್ಲ. ಲಾಯರಮ್ಮ ಸ್ಕೂಲಿನಿಂದ ಬಂದವಳು ಬಾಗಿಲಲ್ಲೇ ಕುಳಿತಳು, ಒಂದೂ ವಾದ ಮಾಡಲಿಲ್ಲ.

ಡಾಕ್ಟರಮ್ಮ ಗಾಯದ ಕಟ್ಟು ಬಿಚ್ಚಿ, ಬೆಳಕು ಹತ್ತಿರ ಎಳೆದುಕೊಂಡು, ಬೆರಳನ್ನು ಈ ಕಡೆ ಆ ಕಡೆ ತಿರುಗಿಸಿ ನೋಡಿದಳು. ಕಪ್ಪು ನಿಂತಿತ್ತು. ಅಂಚಿನಲ್ಲಿ ಹೊಸ ಚರ್ಮ ಎಳೆಗೆಂಪಾಗಿ ಹಬ್ಬುತ್ತಿತ್ತು. ರಕ್ತದ ಸಕ್ಕರೆಯೂ ಇಳಿದಿತ್ತು. ಔಷಧ, ಕಟ್ಟು, ಪಥ್ಯ ಯಾವುದನ್ನೂ ಬಿಡಬಾರದು, ಬೆರಳು ಉಳಿಯುತ್ತದೆ ಎಂದಳು. ಏನು ಬದಲಾಯಿಸಿದಿರಿ ಎಂದು ಕೇಳಿದಳು. ಸೊಸೆ ಎಲ್ಲ ಹೇಳಿ, ಪೊಟ್ಟಣದಿಂದ ಕೇಕಿನ ಒಂದು ಹೋಳು ತೆಗೆದಿಟ್ಟಳು. ಡಾಕ್ಟರಮ್ಮ ತಿಂದು ಹುಬ್ಬೇರಿಸಿದಳು.

"ಅಪರೂಪಕ್ಕೆ ಒಂದು ಹೋಳು, ಬೆರಳಗಲ, ಅವರೂ ತಿನ್ನಬಹುದು. ಸಕ್ಕರೆ ಇಲ್ಲದಿದ್ರೂ ಹಿಟ್ಟು ಹಿಟ್ಟೇ. ನೆನಪಿರಲಿ."

ಸಂಜೆ ಬಟ್ಟೆಯ ಚೀಲ ಬಿಚ್ಚದೆಯೇ ಹಿಂತಿರುಗಿತು. ಬಾಗಿಲಲ್ಲಿ ಲಾಯರಮ್ಮ ಅಜ್ಜಿಯ ಕಾಲನ್ನೇ ನೋಡಿ, ಆಮೇಲೆ ಅಮ್ಮನ ಮುಖ ನೋಡಿ, ಓಡಿ ಹೋಗಿ ಅಪ್ಪನಿಗೆ ಹೇಳಿದಳು. ಮಗ ಹಿಟ್ಟು ಕಲಸಲು ಶುರು ಮಾಡಿದ. ಕತ್ತಲಾಗುವಷ್ಟರಲ್ಲಿ ಸಕ್ಕರೆಯಿಲ್ಲದ ಒಂದು ಕೇಕು ಓವನ್ನಿನಿಂದ ಇಳಿಯಿತು. ಸೊಸೆ ಕಿವಿ ಕೊಟ್ಟು ತೆಗೆದಳು. ಅಭ್ಯಾಸದಂತೆ ಅಂಚು ಮುರಿದು ಅತ್ತೆಗೆ ಕೊಟ್ಟಳು, ಅಭ್ಯಾಸದಂತೆ ಲಾಯರಮ್ಮ ಬಟ್ಟಲು ಹಿಡಿದಳು.

ನಾಲಿಗೆಯಮ್ಮ ಅಂಚನ್ನು ತಿರುಗಿ ಟ್ರೇಯಲ್ಲಿಟ್ಟಳು.

"ಬಟ್ಟಲು ಬೇಡ. ತಟ್ಟೆ ತಾ. ನಡುವಿನಿಂದ ಒಂದು ಹೋಳು ಕೊಯ್ಯಿ."

ಆಕೆ ಕುರ್ಚಿ ಎಳೆದುಕೊಂಡು ಓವನ್ನಿಗೆ ಬೆನ್ನು ಹಾಕಿ ಕುಳಿತಳು. ಹುಷಾರಿಲ್ಲದ ಕಾಲನ್ನು ಸ್ಟೂಲಿನ ಮೇಲಿಟ್ಟಳು. ಆಕೆ ಕುಳಿತು, ತಟ್ಟೆಯಲ್ಲಿಟ್ಟುಕೊಂಡು, ತನ್ನ ಅಂಗಡಿಯ ಒಂದು ಹೋಳು ಕೇಕು ತಿಂದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಎಲ್ಲ ಅಂಚುಗಳನ್ನು ಆಕೆ ತಿಂದಿದ್ದಳು, ಎಲ್ಲ ನಡುಭಾಗ ಜನರಿಗೆ ಹೋಗಿತ್ತು. ಅದು ಮಗನಿಗೆ ಈಗ ಹೊಳೆಯಿತು.

ಸೊಸೆ ಬೆರಳಗಲ ಅಳೆದು ಹೋಳು ಕೊಯ್ದು ಕೊಟ್ಟಳು. ನಾಲಿಗೆಯಮ್ಮ ಮುರಿದು ಬಾಯಿಗೆ ಹಾಕಿಕೊಂಡಳು. ಈ ಸಲ ಕಣ್ಣು ಮುಚ್ಚಲಿಲ್ಲ. ಕಿಟಕಿಯಾಚೆ ಬೀದಿ ನೋಡುತ್ತ ನಿಧಾನವಾಗಿ ಅಗಿದಳು, ನುಂಗಿದಳು, ಇನ್ನೊಂದು ಚೂರು ಮುರಿದಳು. ಎಲ್ಲರೂ ಸುತ್ತ ನಿಂತು ಆಕೆಯ ಬಾಯಿಯನ್ನೇ ನೋಡುತ್ತಿದ್ದರು. ಗಲ್ಲಾ ಬಿಟ್ಟು ಯಜಮಾನರೂ ಬಂದು ನಿಂತಿದ್ದರು.

ಮಗನಿ‌ಗೆ ತಡೆಯಲಾಗಲಿಲ್ಲ. "ಹೇಗಿದೆ ಅಮ್ಮ? ಕಳಿಸ್ಲಾ?"

"ಸುಮ್ನಿರೋ," ಎಂದಳು ನಾಲಿಗೆಯಮ್ಮ, ಬಾಯಿ ತುಂಬಿಕೊಂಡೇ. "ತಿನ್ನೋವಾಗ ಕೇಳಬೇಡ. ನಾನೀಗ ಕೆಲಸದಲ್ಲಿಲ್ಲ."